ನರದ ಗಂಟು: ಯಾವ ನರ? ಕೊಯ್ಯುವುದೋ, ಬಿಡಿಸುವುದೋ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವನಿಗೆ ಎದೆಯೊಳಗೆ, ಬೆನ್ನುಮೂಳೆಯ ಮಗ್ಗುಲಲ್ಲಿ ಒಂದು ಗಂಟು ಇದೆ. ಶ್ವಾನೋಮಾ. ಕ್ಯಾನ್ಸರ್ ಅಲ್ಲ. ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ತಿಳಿಸುವ ಕೆಲಸ ನನ್ನದು. ‘ನರದ ಗಂಟು’ ಅಂದೆ. ಅವ್ವ ಮುಂಗೈ ಚಾಚಿ, ಹಿಂದೆ ಸಲಾಯಿನ್ ಹಚ್ಚಿದ್ದ ಜಾಗ ತೋರಿಸಿ, ‘ಈ ನರ ಏನಪಾ? ಹಂಗಾದ್ರ ರಕ್ತ ಭಾಳ ಹೋಗ್ತದಲ್ಲ’ ಎಂದು ಗಾಬರಿಯಾದಳು.

ತಪ್ಪು ಅವ್ವನದಲ್ಲ. ‘ನರ ಸಿಗವಲ್ದು’ ಅಂತ ಸಿಸ್ಟರ್ ಸೂಜಿ ಹಿಡಿದು ಹುಡುಕುವುದು ರಕ್ತದ ನರ. ‘ನರ ಹಿಡ್ದದ’ ಅಂತ ಸೊಂಟ ಒತ್ತಿಕೊಳ್ಳುವಾಗ ಹೇಳುವುದು ಬೇರೆ ನರ, ಮಿದುಳಿಗೂ ಮೈಗೂ ಸುದ್ದಿ ಸಾಗಿಸುವಂಥದು. ಮಾವನ ಗಂಟು ಈ ಎರಡನೆಯದರದ್ದು. ಎರಡಕ್ಕೂ ಒಂದೇ ಮಾತು.

ಈ ಗೊಂದಲವನ್ನು ಸುಮ್ನೆ ಬಿಡೋಕಾಗಲ್ಲ. ಎದೆಯ ಮೇಲ್ಭಾಗದ ಗಂಟು ತೆಗೆಯುವಾಗ ಅಲ್ಲಿನ ನರಕ್ಕೆ ಪೆಟ್ಟಾದರೆ, ಅದೇ ಕಡೆಯ ಕಣ್ಣಿನ ರೆಪ್ಪೆ ಜೋಲು ಬೀಳಬಹುದು, ಮುಖ ಬೆವರದೇ ಇರಬಹುದು. ರಕ್ತದ ಕೊಳವೆ ಅಂದುಕೊಂಡವರಿಗೆ ಎದೆಗೂ ಕಣ್ಣಿಗೂ ಏನು ನಂಟು ಅನ್ನಿಸುತ್ತದೆ. ಕರೆಂಟಿನ ತಂತಿ ಇದ್ದ ಹಾಗೆ ಅಂದ ಮೇಲೆಯೇ ಅವ್ವನಿಗೆ ತಿಳಿದದ್ದು. ‘ತಂತಿನರ’ ಅನ್ನಬಹುದಾ?

ಗಂಟಿಗೆ ‘ಗಡ್ಡೆ’ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಗಡ್ಡಿ ಅಂದರೆ ಮೊದಲು ಉಳ್ಳಾಗಡ್ಡಿ. ಆಸ್ಪತ್ರೆಯಲ್ಲಿ ಅಂದರೆ ಕ್ಯಾನ್ಸರ್ ಅಂತಲೇ ಹೆದರುತ್ತಾರೆ.

ಇನ್ನೊಂದು, ಆಪರೇಷನ್ನಿಗೆ ಯಾವ ಮಾತು? ಶ್ವಾನೋಮಾ ಹುಟ್ಟುವುದು ನರದ ಹೊದಿಕೆಯ ಜೀವಕೋಶಗಳಿಂದ. ಆ ಕೋಶಗಳಿಗೆ ಜರ್ಮನಿಯ ವಿಜ್ಞಾನಿ ಥಿಯೊಡೋರ್ ಶ್ವಾನ್ ಹೆಸರಿದೆ. ಗಂಟಿಗೆ ತನ್ನದೇ ಸಿಪ್ಪೆ ಇರುತ್ತದೆ. ನರದ ಎಳೆಗಳು ಹೆಚ್ಚಾಗಿ ಅದರ ಮೈಮೇಲೆ ಹರಡಿಕೊಂಡಿರುತ್ತವೆ. ಹಾಗಾಗಿ ಎಷ್ಟೋ ಸಲ ಸಿಪ್ಪೆ ಸೀಳಿ, ಗಂಟನ್ನಷ್ಟೇ ಹೊರಗೆ ತಂದು, ನರ ಉಳಿಸಬಹುದು. ಹಸಿ ತೊಗರಿಕಾಯಿ ಸುಲಿದು ಕಾಳು ಬಿಡಿಸಿದ ಹಾಗೆ. ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿಯೂ ಇದನ್ನು ಮಾಡುತ್ತಾರೆ. ನ್ಯೂರೋಫೈಬ್ರೋಮಾ ಅನ್ನುವ ಇನ್ನೊಂದು ಬಗೆಯ ನರದ ಗಂಟಿನಲ್ಲಿ ಎಳೆಗಳು ಗಂಟಿನೊಳಗೇ ಹಾದಿರುತ್ತವೆ. ಅಲ್ಲಿ ಬಿಡಿಸುವುದು ಕಷ್ಟ, ಎಷ್ಟೋ ಸಲ ನರದ ಸಮೇತ ಕೊಯ್ಯಬೇಕಾಗುತ್ತದೆ.

‘ಕೊಯ್ಯು’, ‘ಬಿಡಿಸು’ ಅಂದರೆ ಈ ವ್ಯತ್ಯಾಸ ಪೂರಾ ಬಂತು. ಆದರೆ ‘ಗಂಟು ಬಿಡಿಸು’ ಅಂದರೆ ಹಗ್ಗದ ಗಂಟು ನೆನಪಾಗುತ್ತದೆ ಅಲ್ವಾ? ‘ಸುಲಿದು ತೆಗೆಯುವುದು’ ಸರಿಹೋದೀತೇ? ಬೀದರ್, ಯಾದಗಿರಿ ಕಡೆಯವರು ಮನೆಯಲ್ಲಿ ಈ ಎರಡು ನರಗಳಿಗೆ ಬೇರೆ ಬೇರೆ ಹೆಸರು ಹೇಳುತ್ತೀರಾ? ಮುಂದಿನ ವಾರ ಆಪರೇಷನ್ ಇದೆ. ಅಷ್ಟರೊಳಗೆ ತಿಳಿಸಿದರೆ ಮಾವನಿಗೆ ಕೂತು ಹೇಳುತ್ತೇನೆ.