ಐನ್‌ಮನೆ ಉಳಿಸುವ ಸಂಘ: ಸ್ವಯಂಸೇವಕರು ಯಾವುದಕ್ಕೆ ಕೈ ಹಾಕಬಹುದು, ಸಲಹೆಗಾರರಿಂದ ಏನು ಕೇಳಬೇಕು?

ಪ್ರಶ್ನೆ (ಸಂಘದ ಕಾರ್ಯದರ್ಶಿ, ವಿರಾಜಪೇಟೆ ಕಡೆ):
ಎಲ್ಲರಿಗೂ ನಮಸ್ಕಾರ. ಕೊಡಗಿನ ಹಳೆಯ ಐನ್‌ಮನೆಗಳನ್ನು (ಕೊಡವ ಮನೆತನಗಳ ಮೂಲ ಮನೆ) ದಾಖಲಿಸಿ ದುರಸ್ತಿಗೆ ನೆರವಾಗಲು ನೋಂದಣಿ ಮಾಡಿಸಿದ ಸಣ್ಣ ಸಂಘ ನಮ್ಮದು. 18 ಸ್ವಯಂಸೇವಕರು, ಹೆಚ್ಚಿನವರು ಕಾಲೇಜು ಮಕ್ಕಳು ಮತ್ತು ನಿವೃತ್ತರು. ಒಂದು ಒಕ್ಕದವರು (ಮನೆತನದವರು) ತಮ್ಮ ಮನೆ ನೋಡಿಕೊಡಿ ಎಂದಿದ್ದಾರೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ನಡುವೆ ತೊಟ್ಟಿ (ತೆರೆದ ಅಂಗಳ). ಪಡುವಣ ಮೂಲೆ ಸೋರುತ್ತಿದೆ, ಕಯ್ಯಾಲೆಯ (ಮುಂಭಾಗದ ಜಗಲಿಯ) ಒಂದು ಕಂಬದ ಬುಡ ಕಪ್ಪಾಗಿದೆ, ಗೋಡೆಯ ಗಾರೆ ಉದುರುತ್ತಿದೆ. ಹುಡುಗರು ಈ ಭಾನುವಾರವೇ ಗೋಡೆ ಕೆರೆದು ಸಿಮೆಂಟ್ ಹಾಕೋಣ ಅಂತಾರೆ. ಸಲಹೆಗಾರರು ಬೇಕೇ? ಬಂದರೆ ಅವರಿಂದ ಏನು ಕೇಳಬೇಕು, ನಾವೇನು ಮಾಡಬಹುದು?

ಉತ್ತರ (ಸಂರಕ್ಷಣಾ ಆರ್ಕಿಟೆಕ್ಟ್):
ಕಾರ್ಯದರ್ಶಿಗಳೇ, ಮೊದಲು ಭಾನುವಾರದ ಕೆಲಸ ನಿಲ್ಲಿಸಿ. ಮಣ್ಣಿನ ಗೋಡೆ ನೆಲದಿಂದ ನೀರು ಹೀರುತ್ತದೆ, ಹೊರಮೈಯಿಂದ ಆರುತ್ತದೆ. ಮೇಲೆ ಸಿಮೆಂಟ್ ಬಂದರೆ ಆರುವ ದಾರಿ ಮುಚ್ಚುತ್ತದೆ. ತೇವ ಒಳಗೇ ನಿಂತು, ಲವಣ ಗಾರೆಯ ಹಿಂಬದಿಯಲ್ಲಿ ಹರಳುಗಟ್ಟಿ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಲಗೆ ಹಲಗೆಯಾಗಿ ಕಳಚುತ್ತದೆ. ಕಳಚುವಾಗ ಗೋಡೆಯ ಮೈಯನ್ನೂ ಎಳೆದುಕೊಂಡು ಬರುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣದ್ದೂ ಇದೇ ಕಥೆ. ಗಾರೆ ಉದುರುವುದು ರೋಗವಲ್ಲ, ರೋಗದ ಗುರುತು. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ಗೋಡೆ ಮುಟ್ಟಬೇಡಿ.

ಈ ವಾರ ಸ್ವಯಂಸೇವಕರು ಮಾಡಬಹುದಾದದ್ದು ಬೇಕಾದಷ್ಟಿದೆ. ಮನೆಯ ಸುತ್ತಲಿನ ಚರಂಡಿಯ ಹೂಳು ತೆಗೆಯಿರಿ. ತೊಟ್ಟಿಯ ನೀರು ಹೊರಹೋಗುವ ಕಿಂಡಿ ತೆರೆದಿದೆಯೇ ನೋಡಿ: ಎರಡು ಕೊಡ ನೀರು ಸುರಿದು ಎಷ್ಟು ನಿಮಿಷದಲ್ಲಿ ಖಾಲಿಯಾಗುತ್ತದೆ ಎಂದು ಬರೆದಿಡಿ. ಗೋಡೆಗೆ ಒರಗಿಸಿಟ್ಟ ಸೌದೆ, ಗೊಬ್ಬರದ ಚೀಲ, ಹಳೆ ಹೆಂಚು ಎಲ್ಲವನ್ನೂ ಕನಿಷ್ಠ 1 ಮೀಟರ್ ಆಚೆ ಸರಿಸಿ. ಗೆದ್ದಲು ಬರುವುದೂ ಅದೇ ದಾರಿಯಲ್ಲಿ. ಹೊರಗಿನ ಮಣ್ಣು ವರ್ಷ ವರ್ಷ ಏರಿ ಒಳನೆಲಕ್ಕಿಂತ ಎತ್ತರವಾಗಿದ್ದರೆ ಅಳತೆ ತೆಗೆದಿಡಿ, ಆದರೆ ಅಗೆಯಬೇಡಿ. ಅಡಿಪಾಯದ ಆಳ ತಿಳಿಯದೆ ಬುಡ ಬಿಡಿಸಿದರೆ ಗೋಡೆ ಜಾರೀತು.

ಹೆಂಚಿನ ಮೇಲೆ ಸ್ವಯಂಸೇವಕರು ಹತ್ತಲೇಬಾರದು. ಪಾಚಿ ಹಿಡಿದ ಹೆಂಚು ಒಣಗಿದಾಗಲೂ ಜಾರುತ್ತದೆ, ಕೊಳೆತ ರೀಪರು (ಹೆಂಚು ಹೊರುವ ಮರದ ಪಟ್ಟಿ) ಕೆಳಗಿಂದ ಕಾಣುವುದಿಲ್ಲ. ಅಟ್ಟದಲ್ಲಿ ಬಾವಲಿ ಹಿಕ್ಕೆ ಇದ್ದರೆ ಒಣ ಪೊರಕೆ ಬೇಡ. ನೀರು ಚಿಮುಕಿಸಿ, ಎನ್‌95 ಮಾಸ್ಕ್ ಹಾಕಿಕೊಂಡೇ ತೆಗೆಯಿರಿ. ಕೆಲಸ ಶುರುವಾಗುವ ಮೊದಲು ಎಲ್ಲರ ಹೆಸರಿಗೂ ಗುಂಪು ಅಪಘಾತ ವಿಮೆ ಮಾಡಿಸಿ.

ಪ್ರಶ್ನೆ (ಸ್ವಯಂಸೇವಕಿ, ಗೋಣಿಕೊಪ್ಪ):
ಮೇಡಂ, ಅಳತೆ ಮತ್ತು ಫೋಟೋ ನಾವೇ ಮಾಡಿಕೊಟ್ಟರೆ ಆರ್ಕಿಟೆಕ್ಟ್ ಒಪ್ಪುತ್ತಾರಾ? ಹೋದ ಸಲ ಅಳೆದದ್ದು ಕಾಗದದ ಮೇಲೆ ಕೂಡಲೇ ಇಲ್ಲ, 20 ಸೆಂಟಿಮೀಟರ್ ವ್ಯತ್ಯಾಸ ಬಂತು.

ಉತ್ತರ (ಸಂರಕ್ಷಣಾ ಆರ್ಕಿಟೆಕ್ಟ್):
ಕ್ರಮವಾಗಿ ಮಾಡಿದರೆ ಖಂಡಿತ ಒಪ್ಪುತ್ತಾರೆ, ಸಂಘಕ್ಕೆ ದೊಡ್ಡ ಖರ್ಚೂ ಉಳಿಯುತ್ತದೆ. ವ್ಯತ್ಯಾಸ ಬರುವುದು ಹೆಚ್ಚಾಗಿ ತುಂಡು ತುಂಡಾಗಿ ಅಳೆದಾಗ. ಬಾಗಿಲು, ಗೋಡೆ, ಕಿಟಕಿ ಅಂತ ಬೇರೆ ಬೇರೆ ಅಳೆದರೆ ಪ್ರತಿ ತುಂಡಿನ ತಪ್ಪೂ ಸೇರುತ್ತಾ ಹೋಗುತ್ತದೆ. ಟೇಪಿನ ಸೊನ್ನೆಯನ್ನು ಒಂದು ಮೂಲೆಯಲ್ಲಿ ಹಿಡಿದು, ಅಲ್ಲಾಡಿಸದೆ, ಸಾಲಿನಲ್ಲಿ ಬರುವ ಪ್ರತಿ ಅಂಚನ್ನೂ ಅದೇ ಟೇಪಿನಲ್ಲಿ ಓದಿ: 0, 640, 1,585, 2,210 ಹೀಗೆ. ಎಲ್ಲವೂ ಮಿಲಿಮೀಟರಿನಲ್ಲಿ. ಐನ್‌ಮನೆಯ ಯಾವ ಕೋಣೆಯೂ ಮೂಲೆಮಟ್ಟ ಇದೆ ಎಂದು ನಂಬಬೇಡಿ, ಪ್ರತಿ ಕೋಣೆಗೂ ಎರಡು ಕರ್ಣ (ಮೂಲೆಯಿಂದ ಎದುರು ಮೂಲೆಗೆ ಅಳತೆ) ತೆಗೆಯಿರಿ. ಕರ್ಣವಿಲ್ಲದ ಅಳತೆಯಿಂದ ನಕ್ಷೆ ಬಿಡಿಸಲು ಆಗದು.

ಒಂದು ತಂಡಕ್ಕೆ ಮೂವರು ಸಾಕು. ಒಬ್ಬರು ಸೊನ್ನೆಯಲ್ಲಿ, ಒಬ್ಬರು ಓದಲು, ಒಬ್ಬರು ಬರೆಯಲು. ಬರೆದವರು ಸಂಖ್ಯೆಯನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ನೆಲದ ಏರುಪೇರು ನೋಡಲು ಮೇಸ್ತ್ರಿಗಳ ನೀರಿನ ಟ್ಯೂಬ್ ಲೆವೆಲ್ ಸಾಕು, ಒಳಗೆ ಗಾಳಿಗುಳ್ಳೆ ಇರದಂತೆ ನೋಡಿಕೊಳ್ಳಿ. ಲೇಸರ್ ಮೀಟರ್ ಒಳಗೆ ಚೆನ್ನ. ಕಯ್ಯಾಲೆಯ ಬೆಳಕಿನಲ್ಲಿ ಚುಕ್ಕಿ ಕಾಣದೆ ತಪ್ಪು ಜಾಗಕ್ಕೆ ಬೀಳುತ್ತದೆ, ಅಲ್ಲಿ ಟೇಪೇ ಒಳ್ಳೆಯದು.

ಫೋಟೋದ ಹೆಸರಲ್ಲೇ ಎಲ್ಲ ಇರಲಿ: ದಿನಾಂಕ, ಮನೆಯ ಸಂಕೇತ, ಕೋಣೆ, ಯಾವ ದಿಕ್ಕಿಗೆ ಮುಖ. ಐಮರದ (ಜಗಲಿಯ ಕಂಬಗಳ ನಡುವಿನ ಮರದ ಆಸನ) ಹಲಗೆ, ಕಂಬದ ಕೆತ್ತನೆ, ನೆಲ್ಲಕ್ಕಿ ನಡುಬಾಡೆಯ (ಮನೆಯ ನಡು ಹಜಾರ) ಬಾಗಿಲುವಾಡ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಕನ್ನಿ ಕೋಂಬರೆ (ಪೂಜೆಯ ಕೋಣೆ) ಮತ್ತು ಕೈಮಡದ (ಹಿರಿಯರ ಗುಡಿ) ವಿಷಯದಲ್ಲಿ ಮಾತ್ರ ಒಕ್ಕದ ಹಿರಿಯರನ್ನು ಕೇಳಿ. ಒಳಗೆ ಬರಬೇಡಿ ಎಂದರೆ ಬಾಗಿಲಿನಿಂದಲೇ ನೋಡಿ, ನಕ್ಷೆಯಲ್ಲಿ ಆ ಕೋಣೆಯನ್ನು ಖಾಲಿ ಬಿಡಿ. ನಂಬಿಕೆ ಇಟ್ಟು ಬಾಗಿಲು ತೆರೆದವರ ಮಾತು ನಕ್ಷೆಗಿಂತ ದೊಡ್ಡದು.

ಹಾಂ, ಹೆಂಚಿನ ಲೆಕ್ಕವನ್ನೂ ನೀವೇ ಮಾಡಬಹುದು. ಚದರ ಮೀಟರಿಗೆ ಸುಮಾರು 15ರಿಂದ 16 ಮಂಗಳೂರು ಹೆಂಚು ಹಿಡಿಯುತ್ತದೆ. 200 ಚದರ ಮೀಟರ್ ಮಾಡಿಗೆ (ಛಾವಣಿಗೆ) 3,100ರ ಆಸುಪಾಸು, ಒಡೆಯುವುದಕ್ಕೆಂದು 10% ಹೆಚ್ಚಿಗೆ. ಕೆಳಗಿಳಿಸಿದ ಹೆಂಚನ್ನು ಹಿಂಬದಿಯ ಕಾರ್ಖಾನೆ ಮುದ್ರೆ ನೋಡಿ ಬೇರೆ ಬೇರೆ ಮಾಡಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿಡಿ. ಮುದ್ರೆ ಬೇರೆಯಾದರೆ ತೋಡಿನ ಅಳತೆಯೂ ಬೇರೆ, ಒಂದರೊಳಗೊಂದು ಕೂರುವುದಿಲ್ಲ. ಸೋರುವ ಎಷ್ಟೋ ಮನೆಗಳಲ್ಲಿ ಹೆಂಚು ಒಡೆದಿರುವುದೇ ಇಲ್ಲ, ಎರಡು ಕಾರ್ಖಾನೆಯದ್ದು ಬೆರೆತಿರುತ್ತದೆ. ಒಂದು ಇಳಿಜಾರಿಗೆ ಒಂದೇ ಮುದ್ರೆ ಇರಲಿ: ಉಳಿದ ಹಳೆಯದನ್ನೆಲ್ಲ ಮುಂಭಾಗಕ್ಕೆ, ಹೊಸದನ್ನು ಹಿಂಭಾಗಕ್ಕೆ. ರೀಪರಿನ ಅಂತರವನ್ನು ಆಯಾ ಹೆಂಚನ್ನು ಜೋಡಿಸಿ ನೋಡಿಯೇ ಗುರುತು ಹಾಕಿಸಿ.

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್, ಮೈಸೂರು):
ಕಪ್ಪಾದ ಕಂಬದ ಬಗ್ಗೆ ಒಂದು ಮಾತು. ಕಯ್ಯಾಲೆಗೆ ನಂತರ ಸಿಮೆಂಟ್ ನೆಲವೋ ಟೈಲ್ಸೋ ಹಾಕಿದ್ದಾರೆಯೇ? ಹಳೆಯವರು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಬುಡ ಒಣಗಿರಲಿ ಅಂತ. ನೆಲ ಎತ್ತರಿಸುವಾಗ ಕಲ್ಲು ಮುಚ್ಚಿ ಮರದ ಸುತ್ತ ಸಿಮೆಂಟ್ ಬಂದಿದ್ದರೆ ಬುಡ ಬಟ್ಟಲಿನ ನೀರಿನಲ್ಲಿ ನಿಂತ ಹಾಗೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ, ಸದ್ದು ಪೊಳ್ಳಿನಿಂದ ಗಟ್ಟಿಯಾಗುವ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ತೇವಾಂಶ ಮೀಟರ್ ಸಿಕ್ಕರೆ ತಿಂಗಳಿಗೊಮ್ಮೆ ಓದಿ. ಮರದ ತೇವ 20%ಗಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು.

ದುರಸ್ತಿ ಎಂದರೆ ಇಡೀ ಕಂಬ ಬದಲಿಸುವುದಲ್ಲ. ಮೇಲಿನ ತೊಲೆಗೆ ಎರಡೂ ಬದಿ ಜಾಕಿ ಕೊಟ್ಟು, ಭಾರ ಹರಡಲು ಜಾಕಿಯ ಕೆಳಗೆ ಹಲಗೆ ಹಾಕಿ, ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಮಾತ್ರ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಓರೆ ಜೋಡಣೆಯಲ್ಲಿ ಸೇರಿಸುತ್ತಾರೆ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಮಾಮೂಲಿ ಕಬ್ಬಿಣ ಈ ತೇವದಲ್ಲಿ ತುಕ್ಕು ಹಿಡಿದು ಉಬ್ಬಿ ಮರವನ್ನು ಸೀಳುತ್ತದೆ. ಇದು ಅನುಭವಿ ಬಡಗಿಯ ಕೆಲಸ. ಜಾಕಿ ಎತ್ತುವಾಗ ಸ್ವಯಂಸೇವಕರು ಮಾಡಿನ ಕೆಳಗೆ ಇರಬಾರದು.

ಬಿರುಕು ಇದ್ದರೆ ಮುಚ್ಚಬೇಡಿ. ಎರಡೂ ಬದಿಗೆ ಸಣ್ಣ ಮೊಳೆ ಹೊಡೆದು ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಮೇಯಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಅಳೆಯಿರಿ. ಮಳೆಗಾಲದಲ್ಲಿ ಬದಲಾಗಿ ಮಳೆ ನಿಂತ ಮೇಲೆ ಮೊದಲಿನಂತಾದರೆ ಕಾರಣ ಮಣ್ಣಿನ ತೇವ, ಮೊದಲ ಔಷಧ ಚರಂಡಿ. ಅಗಲವಾಗುತ್ತಲೇ ಹೋದರೆ ತಡಮಾಡದೆ ಎಂಜಿನಿಯರನ್ನು ಕರೆಸಿ.

ಪ್ರಶ್ನೆ (ಕಾರ್ಯದರ್ಶಿ):
ತುಂಬಾ ಉಪಕಾರವಾಯಿತು. ಸಲಹೆಗಾರರ ಜೊತೆ ಒಪ್ಪಂದ ಹೇಗಿರಬೇಕು? ಒಬ್ಬರು ಉಚಿತವಾಗಿಯೇ ಮಾಡಿಕೊಡುತ್ತೇನೆ ಎಂದಿದ್ದಾರೆ. ಅವರ ಹತ್ತಿರ ಕಾಗದ ಪತ್ರ ಕೇಳಲು ಸಂಕೋಚ.

ಉತ್ತರ (ಸಂರಕ್ಷಣಾ ಆರ್ಕಿಟೆಕ್ಟ್):
ಉಚಿತವಾದರೆ ಕಾಗದ ಇನ್ನೂ ಅಗತ್ಯ. ಏನು, ಯಾವಾಗ, ಎಷ್ಟು ಸಲ ಎಂದು ಬರೆಯದಿದ್ದರೆ ಅವರ ಕೆಲಸ ಹಿಂದೆ ಬೀಳುತ್ತದೆ, ನಿಮಗೂ ಕೇಳಲು ಬಾಯಿ ಬರುವುದಿಲ್ಲ. ಒಂದು ಪುಟ ಸಾಕು. ದಾರಿ ಖರ್ಚು ಮತ್ತು ಊಟ ವಸತಿ ಸಂಘದ್ದು ಎಂದು ಅದರಲ್ಲೇ ಬರೆಯಿರಿ.

ಮೊದಲ ಒಪ್ಪಂದ ಸ್ಥಿತಿಗತಿ ವರದಿಗೆ ಮಾತ್ರ ಇರಲಿ. ವರದಿಗೆ ಮುಂಚೆಯೇ ಎಸ್ಟಿಮೇಟ್ ಕೊಡುವವರಿಂದ ದೂರ ಇರಿ, ರೋಗ ತಿಳಿಯುವ ಮೊದಲೇ ಬರೆದ ಔಷಧ ಅದು. ವರದಿಯಲ್ಲಿ ಪ್ರತಿ ದೋಷಕ್ಕೂ ಜಾಗ, ಕಾರಣ, ಈಗಲೇ ಮಾಡಬೇಕೋ ಒಂದು ವರ್ಷ ಕಾಯಬಹುದೋ ಎಂಬ ತೀರ್ಮಾನ ಮೂರೂ ಇರಬೇಕು. ಭೇಟಿಗಳಲ್ಲಿ ಒಂದು ಜುಲೈಯಲ್ಲೇ ಆಗಬೇಕೆಂದು ಹಠ ಹಿಡಿಯಿರಿ. ಜನವರಿಯ ಬಿಸಿಲಲ್ಲಿ ನೋಡಿ ಹೋದವರಿಗೆ ನೀರು ಯಾವ ಕೋಡಿಯಿಂದ ಇಳಿಯುತ್ತದೆಂದು ಹೇಗೆ ತಿಳಿಯಬೇಕು?

ಎರಡನೇ ಒಪ್ಪಂದ ನಕ್ಷೆ ಮತ್ತು ಮೇಲ್ವಿಚಾರಣೆಗೆ. ಸಂಭಾವನೆಯನ್ನು ಹಂತಕ್ಕೆ ಕಟ್ಟಿ, ಕೊನೆಯ 10% ಒಂದು ಮಳೆಗಾಲ ಕಳೆದು ತಪಾಸಣೆ ಆದ ಮೇಲೆ. ನಕ್ಷೆಗಳ ತಿದ್ದಬಹುದಾದ ಫೈಲ್ ಸಂಘಕ್ಕೂ ಒಕ್ಕಕ್ಕೂ ಸೇರಬೇಕು. ಗುತ್ತಿಗೆದಾರರಿಂದಾಗಲಿ ಸಾಮಾನು ಮಾರುವವರಿಂದಾಗಲಿ ಕಮಿಷನ್ ಪಡೆಯುವಂತಿಲ್ಲ ಎಂಬ ಸಾಲು ತಪ್ಪಬಾರದು.

ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಬೇಕು, ಸಂಖ್ಯೆ ಕೇಳಿ. ಆದರೆ ಅದೊಂದರಿಂದ ಮಣ್ಣು, ಮರ, ಸುಣ್ಣ ಗೊತ್ತೆಂದು ಆಗಲಿಲ್ಲ. ಅವರು ದುರಸ್ತಿ ಮಾಡಿಸಿ ಐದು ಮಳೆಗಾಲ ಕಳೆದ ಒಂದು ಕಟ್ಟಡ ತೋರಿಸಲು ಹೇಳಿ, ಹೋಗಿ ಗೋಡೆಯ ಬುಡ ನೋಡಿ.

ಉತ್ತರ (ಲೆಕ್ಕ ಪರಿಶೋಧಕರು, ಮಡಿಕೇರಿ):
ಹಣದ ಭಾಗ ನಾನು ಹೇಳುತ್ತೇನೆ. ಐನ್‌ಮನೆ ಒಕ್ಕದ ಆಸ್ತಿ, ಸಾರ್ವಜನಿಕ ಆಸ್ತಿ ಅಲ್ಲ. ದತ್ತಿ ಸಂಘದ ಹಣ ಒಂದು ಕುಟುಂಬದ ಮನೆಗೆ ಹೋದರೆ ತೆರಿಗೆ ವಿನಾಯಿತಿಗೇ ತೊಂದರೆ ಬರಬಹುದು. ಆದ್ದರಿಂದ ದಾಖಲೆ, ತರಬೇತಿ, ಸ್ಥಿತಿಗತಿ ವರದಿಯ ಖರ್ಚು ಸಂಘದ್ದಾಗಿರಲಿ, ಹೆಂಚು, ಮರ, ಕೂಲಿ ಒಕ್ಕದ್ದೇ ಪ್ರತ್ಯೇಕ ಖಾತೆಯಿಂದ ಹೋಗಲಿ. ಐತಿಹಾಸಿಕ, ಕಲಾತ್ಮಕ ಮಹತ್ವದ ಸ್ಥಳ ಮತ್ತು ವಸ್ತುಗಳ ಸಂರಕ್ಷಣೆಯನ್ನು ಆದಾಯ ತೆರಿಗೆ ಕಾನೂನು ದತ್ತಿ ಉದ್ದೇಶವೆಂದೇ ಒಪ್ಪುತ್ತದೆ. ನಿಮ್ಮ ಬೈಲಾದಲ್ಲಿ ಇದು ಸ್ಪಷ್ಟವಾಗಿ ಇದೆಯೇ ನೋಡಿ.

ದೇಣಿಗೆದಾರರ ತೆರಿಗೆ ವಿನಾಯಿತಿಗೆ ರಸೀದಿ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ಹೆಂಚು, ಮರದಂಥ ವಸ್ತು ಕೊಟ್ಟವರಿಗೂ ಇಲ್ಲ. ಅವರಿಗೆ ಸ್ವೀಕೃತಿ ಪತ್ರ ಮಾತ್ರ ಕೊಡಿ, ಮೊದಲೇ ಹೇಳಿಬಿಡಿ. ಬೀಟೆ, ತೇಗ ಕೊಡುತ್ತೇವೆ ಎನ್ನುವವರಿಂದ ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿ ಪಡೆಯದೆ ಒಂದು ತುಂಡೂ ಲಾರಿಗೆ ಹತ್ತಬಾರದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಿದ್ದರೆ ಸಿಎಸ್‌ಆರ್-1 ನೋಂದಣಿ ಆಗಿರಬೇಕು. ಸಲಹೆಗಾರರ ಶುಲ್ಕ ಮಿತಿ ದಾಟಿದರೆ 10% ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕಾಗಬಹುದು, ಪಾವತಿಗೆ ಮುಂಚೆ ನಿಮ್ಮ ಆಡಿಟರನ್ನು ಕೇಳಿ. ಸ್ವಯಂಸೇವಕರ ಪೆಟ್ರೋಲಿಗೆ ಬಿಲ್ ಮತ್ತು ವೋಚರ್ ಇಲ್ಲದೆ ಹಣ ಕೊಡಬೇಡಿ.

ಪ್ರಶ್ನೆ (ಸದಸ್ಯರು, ಸೋಮವಾರಪೇಟೆ):
ನಮ್ಮ ಹುಡುಗರು ಮುಳ್ಳೂರು ಬಸದಿಗಳಲ್ಲಿ, ಮಡಿಕೇರಿ ಕೋಟೆಯಲ್ಲಿ ಶ್ರಮದಾನ ಮಾಡಬಹುದಾ ಸರ್?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್):
ಅವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಲಿಖಿತ ಅನುಮತಿ ಇಲ್ಲದೆ ಹುಲ್ಲು ಕೂಡ ಕೀಳಬೇಡಿ. ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆ ವ್ಯಾಪ್ತಿಯ ಹಳೆ ಮನೆಯ ದುರಸ್ತಿಗೂ ಅನುಮತಿ ಬೇಕು. ರಕ್ಷಣೆಯಲ್ಲಿಲ್ಲದ ಊರಿನ ಕಲ್ಲುಗಳಿಗೂ ಆಸಿಡ್, ತಂತಿ ಬ್ರಷ್ ಬೇಡ. ತಂತಿಯ ಚೂರು ಕಲ್ಲಿನಲ್ಲೇ ಉಳಿದು ತುಕ್ಕಿನ ಕಲೆ ಬಿಡುತ್ತದೆ. ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು. ಸಂದಿಯಲ್ಲಿ ಬೆಳೆದ ಅರಳಿ ಗಿಡ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ ತಜ್ಞರಿಗೆ ತಿಳಿಸಿ.

ಪ್ರಶ್ನೆ (ಕಾರ್ಯದರ್ಶಿ):
ಕೊನೆಯದಾಗಿ, ಗೋಡೆ ಕೆಲಸ ಯಾವಾಗ ಶುರು ಮಾಡಲಿ?

ಉತ್ತರ (ಸಂರಕ್ಷಣಾ ಆರ್ಕಿಟೆಕ್ಟ್):
ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಕಡೆಯೂ ಮಳೆಯ ಕಾಲ ಅದೇ. ಸುಣ್ಣದ ಗಾರೆ ಗಾಳಿಯಿಂದ ನಿಧಾನ ಗಟ್ಟಿಯಾಗುವಂಥದ್ದು, ಮಳೆಗೂ ಸಿಗಬಾರದು, ಬಿಸಿಲಿಗೆ ಬೇಗ ಒಣಗಲೂಬಾರದು. ತುಲಾ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದ ಮೇಲೆ ಮಾಡಿನ ಕೆಲಸ ಮುಗಿಸಿ, ಗೋಡೆ ಆರಲು ಬಿಟ್ಟು, ಆಮೇಲೆ ಗಾರೆ. ಮೊದಲು ಅದೇ ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ಹಳ್ಳ ತುಂಬುವುದು, ನಂತರ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಒಂದು ಪದರ 10 ಮಿಲಿಮೀಟರ್ ಮೀರದಂತೆ, ವಾರಪೂರ್ತಿ ಒದ್ದೆ ಗೋಣಿಯ ನೆರಳು. ಕೊನೆಗೆ ತೆಳ್ಳಗಿನ ಸುಣ್ಣ ಮೂರು ನಾಲ್ಕು ಸಲ, ಪ್ರತಿ ಸಲ ಗೋಡೆ ನೆನೆಸಿ. ಸುಟ್ಟ ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಅದು ಮೇಸ್ತ್ರಿಯ ಕೆಲಸ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ.

ಡಿಸೆಂಬರ್‌ನಿಂದ ಕಾಫಿ ಕೊಯ್ಲಿಗೆ ಆಳು ಸಿಗುವುದು ಕಷ್ಟ, ಮೇಸ್ತ್ರಿ ಮತ್ತು ಬಡಗಿಗೆ ಆಗಸ್ಟಿನಲ್ಲೇ ಮಾತು ಕೊಟ್ಟು ಮುಂಗಡ ಕೊಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರುತ್ತಾರಲ್ಲ, ಹಳೆಯ ಫೋಟೋ, ಯಾವ ಕೋಣೆ ಯಾವಾಗ ಕಟ್ಟಿದ್ದು ಎಂಬ ಮಾಹಿತಿ ಆ ದಿನ ಕೇಳಿ ಬರೆದುಕೊಳ್ಳಿ. ಆದರೆ ಪಟ್ಟೆದಾರರ (ಒಕ್ಕದ ಮುಖ್ಯಸ್ಥರ) ಮತ್ತು ಪಾಲುದಾರರ ಸಹಿ ಇರುವ ಒಪ್ಪಿಗೆ ಪತ್ರಕ್ಕೆ ಪುತ್ತರಿವರೆಗೆ ಕಾಯಬೇಡಿ, ಅದು ಮೊದಲ ಹೆಂಚು ಇಳಿಸುವ ಮುಂಚೆಯೇ ನಿಮ್ಮ ಕಡತದಲ್ಲಿರಬೇಕು.