ಫೋನ್ ಎತ್ತಿದೊಡನೆ ಬ್ರಾಡ್‌ಬ್ಯಾಂಡ್ ಕಡಿತ: ಸಹಾಯ ಬೇಕು

ನಮ್ಮ ಓಣಿಗೆ ಇನ್ನೂ ಫೈಬರ್ ಬಂದಿಲ್ಲವಾದ್ದರಿಂದ ದೂರವಾಣಿಯ ತಾಮ್ರದ ತಂತಿಯಲ್ಲೇ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಬಳಸುತ್ತಿದ್ದೇವೆ. ಪಡಸಾಲೆಯಲ್ಲಿ ಒಂದು ಫೋನ್, ಮಹಡಿಯಲ್ಲಿ ಅತ್ತೆಯವರ ಕೋಣೆಗೆ ಎಳೆದ ಪ್ಯಾರಲಲ್ ಫೋನ್ ಇನ್ನೊಂದು. ಮಹಡಿಯಲ್ಲಿ ರಿಸೀವರ್ ಎತ್ತಿದ ಕೂಡಲೇ ಮೋಡೆಮ್‌ನ ಡಿಎಸ್‌ಎಲ್ ದೀಪ ಮಿಣುಕತೊಡಗಿ ಎರಡು ಮೂರು ನಿಮಿಷ ಸಂಪರ್ಕವೇ ಇರುವುದಿಲ್ಲ. ಅತ್ತೆಯವರಿಗೋ ಕಿವಿಯಲ್ಲಿ ಬರೀ ಗುಂಯ್‌ಗುಡುವ ಸದ್ದು. ಮೋಡೆಮ್ ಬಳಿಯ ಸ್ಪ್ಲಿಟರನ್ನೂ (ಧ್ವನಿ ಮತ್ತು ಡೇಟಾ ಸಂಕೇತಗಳನ್ನು ಬೇರ್ಪಡಿಸುವ ಪುಟ್ಟ ಡಬ್ಬಿ) ಕೇಬಲನ್ನೂ ಬದಲಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ಆ ಫೋನನ್ನು ಕಳಚಿಟ್ಟ ದಿನ ಮಾತ್ರ ಒಮ್ಮೆಯೂ ಕಡಿತವಾಗಲಿಲ್ಲ. ನಿನ್ನೆ ಗೋಡೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿದಾಗ, ಮಹಡಿಯ ತಂತಿ ಸ್ಪ್ಲಿಟರ್‌ಗಿಂತ ಮೊದಲೇ ಕವಲೊಡೆದಿರುವುದು ಕಂಡಿತು. ಧ್ವನಿ ಬಳಸುವ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಆವರ್ತನಕ್ಕಿಂತ ಮೇಲಿನ ಡೇಟಾ ಸಂಕೇತವೂ ಸೋಸದೆ ಆ ಫೋನಿಗೆ ಹೋಗುತ್ತಿರಬೇಕೆಂಬುದು ನನ್ನ ಊಹೆ. ಹಾಗಿದ್ದರೆ ಮಹಡಿಯ ಫೋನಿಗೆ ಪ್ರತ್ಯೇಕ ಮೈಕ್ರೋಫಿಲ್ಟರ್ (ಡೇಟಾ ಸಂಕೇತ ಫೋನಿಗೆ ಹೋಗದಂತೆ ಸೋಸುವ ಸಾಧನ) ಹಾಕಿದರೆ ಸಾಕೇ, ಅಥವಾ ಸ್ಪ್ಲಿಟರನ್ನೇ ಪೆಟ್ಟಿಗೆಯ ಬಳಿಗೆ ತಂದು ಎರಡೂ ಫೋನುಗಳನ್ನು ಅದರ ಫೋನ್ ಪೋರ್ಟಿನಿಂದಲೇ ಎಳೆಯಬೇಕೇ?