ಸೀಳಿದ್ದು ಒಂದು ಟೈರು, ಬದಲಿಸಬೇಕಾದವು ಎಷ್ಟು?

ಸುಮಾ, ನೀನು ಕಳಿಸಿದ ಚಿತ್ರವನ್ನೂ ಅದರ ಕೆಳಗೆ ನಡೆದ ಚರ್ಚೆಯನ್ನೂ ಈಗಷ್ಟೇ ನೋಡಿದೆ. ಕಲ್ಲಿನ ಅಂಚು ತಗುಲಿ ಹಿಂದಿನ ಎಡಗಡೆಯ ಟೈರು ಪಕ್ಕದಲ್ಲಿ ಸೀಳಿದೆ, ಉಳಿದ ಮೂರು ಅರ್ಧ ಸವೆದಿವೆ, ಈಗ ಅದೊಂದನ್ನೇ ಹೊಸದಾಗಿ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀಯೆ. ಒಂದು ಸಾಕೆಂದು ಚಿಕ್ಕಪ್ಪ ಹೇಳಿದ್ದಾರೆ. ಹಿಂದಿನ ಎರಡನ್ನೂ ಜೋಡಿಯಾಗಿ ಬದಲಿಸಬೇಕೆಂದು ಭಾವನವರು ಬರೆದಿದ್ದಾರೆ. ಭಾವನವರ ಸಲಹೆ ಸಾಮಾನ್ಯ ಕಾರಿಗಾದರೆ ಸರಿಯಾದದ್ದೇ. ಆದರೆ ನಿನ್ನದು ಎಂಜಿನ್ನಿನ ಬಲ ಸದಾ ನಾಲ್ಕೂ ಚಕ್ರಗಳಿಗೆ ಹೋಗುವ ಗಾಡಿಯಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳು.

ಪಕ್ಕದ ಸೀಳಿಗೆ ಪ್ಯಾಚ್ ಹಾಕಿಸುವ ಯೋಚನೆಯನ್ನು ಮೊದಲೇ ಬಿಟ್ಟುಬಿಡು. ಆ ಭಾಗ ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತಿರುತ್ತದೆ, ಅಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ. ನೆಲ ಮುಟ್ಟುವ ಭಾಗದ ನಡುವೆ ಮೊಳೆ ಚುಚ್ಚಿದ್ದರೆ ಒಳಗಿನಿಂದ ಪಂಕ್ಚರ್ ಹಾಕಿಸಿ ಅದೇ ಟೈರನ್ನು ಉಳಿಸಿಕೊಳ್ಳಬಹುದಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ನಿನ್ನ ಟೈರಿನ ಮೇಲೆ 235/65 ಆರ್ 17 ಎಂದಿದೆ, ಅಂದರೆ ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 65, ರಿಮ್ಮಿನ ವ್ಯಾಸ 17 ಇಂಚು. ಹಾಗಾಗಿ ಹೊಸ ಟೈರಿನ ವ್ಯಾಸ ಸುಮಾರು 737 ಮಿಲಿಮೀಟರ್, ಸುತ್ತಳತೆ ಸುಮಾರು 2316 ಮಿಲಿಮೀಟರ್. ಹೊಸದರ ಗ್ರಿಪ್ಪಿನ, ಅಂದರೆ ನೆಲ ಮುಟ್ಟುವ ಭಾಗದ ಗೀರುಗಳ, ಆಳ 8 ಮಿಲಿಮೀಟರ್ ಇದ್ದು, ನಿನ್ನ ಹಳೆಯವುಗಳಲ್ಲಿ 4 ಉಳಿದಿದೆ ಎಂದು ಹಿಡಿದರೆ, ಹಳೆಯದರ ಸುತ್ತಳತೆ ಸುಮಾರು 25 ಮಿಲಿಮೀಟರ್ ಕಡಿಮೆಯಾಗಿರುತ್ತದೆ. ಹಾಗಾಗಿ ಒಂದು ಕಿಲೋಮೀಟರ್ ದೂರಕ್ಕೆ ಹೊಸದು 432 ಸುತ್ತು ಸುತ್ತಿದರೆ ಹಳೆಯದು 436ಕ್ಕೂ ಮೇಲೆ ಸುತ್ತಬೇಕು. ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ವ್ಯತ್ಯಾಸ 450 ಸುತ್ತು ದಾಟುತ್ತದೆ. ಭಾರಕ್ಕೆ ಟೈರು ತುಸು ಅದುಮಿಹೋಗುವುದರಿಂದ ರಸ್ತೆಯ ಮೇಲಿನ ಅಂಕಿ ಇದಕ್ಕಿಂತ ಸ್ವಲ್ಪ ಬೇರೆಯಾಗಬಹುದು, ಆದರೆ ಅಂತರವಂತೂ ಇದ್ದೇ ಇರುತ್ತದೆ.

ತಿರುವಿನಲ್ಲಿ ಒಳಗಿನ ಮತ್ತು ಹೊರಗಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲೆಂದೇ ಪ್ರತಿ ಆಕ್ಸಲ್ಲಿನಲ್ಲೂ, ಅಂದರೆ ಎಡಬಲ ಚಕ್ರಗಳ ನಡುವಿನ ಅಚ್ಚಿನಲ್ಲೂ, ಡಿಫರೆನ್ಶಿಯಲ್ ಎಂಬ ಗೇರುಗಳ ಜೋಡಣೆ ಇದೆ. ನಿನ್ನಂಥ ಗಾಡಿಯಲ್ಲಿ ಇವಲ್ಲದೆ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಮತ್ತೊಂದು ಡಿಫರೆನ್ಶಿಯಲ್ಲೋ ಕ್ಲಚ್ ಪ್ಲೇಟುಗಳ ಕಟ್ಟೋ ಇರುತ್ತದೆ. ಜಾರುವ ನೆಲದಲ್ಲಿ ಕ್ಷಣಕಾಲ ಬಿಗಿಹಿಡಿದು ಬಿಡುವುದು ಅದರ ಕೆಲಸ. ಟೈರುಗಳ ಸುತ್ತಿನ ಈ ವ್ಯತ್ಯಾಸದಿಂದ ನೇರವಾದ ಹೆದ್ದಾರಿಯಲ್ಲೂ ಗಂಟೆಗಟ್ಟಲೆ ಉಜ್ಜುತ್ತಲೇ ಇರಬೇಕಾಗಿ ಬಂದರೆ ಅದು ಬಿಸಿಯಾಗುತ್ತದೆ, ಅದರ ಎಣ್ಣೆ ಕೆಡುತ್ತದೆ, ಕೊನೆಗೆ ಪ್ಲೇಟುಗಳೇ ಸವೆಯುತ್ತವೆ. ಆ ದುರಸ್ತಿಯ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಭಾವನವರ ಸಲಹೆ ಇಲ್ಲಿಯೇ ಕೈಕೊಡುತ್ತದೆ. ಆಕ್ಸಲ್ಲಿನ ವೇಗವೆಂದರೆ ಅದರ ಎರಡು ಚಕ್ರಗಳ ವೇಗದ ಸರಾಸರಿ. ಹಿಂದೆ ಒಂದೇ ಹೊಸ ಟೈರು ಇದ್ದರೆ ನಡುವಿನ ಭಾಗಕ್ಕೆ ತಲುಪುವುದು ಅರ್ಧ ವ್ಯತ್ಯಾಸ ಮಾತ್ರ, ಮಿಕ್ಕದ್ದನ್ನು ಹಿಂದಿನ ಡಿಫರೆನ್ಶಿಯಲ್ ನುಂಗಿಕೊಳ್ಳುತ್ತದೆ. ಎರಡೂ ಹೊಸದಾದರೆ ಹಿಂದಿನ ಡಿಫರೆನ್ಶಿಯಲ್ಲಿಗೆ ನೆಮ್ಮದಿ ಸಿಗುತ್ತದೆ, ಆದರೆ ನಡುವಿನ ಕ್ಲಚ್ಚಿನ ಮೇಲೆ ಪೂರ್ತಿ ವ್ಯತ್ಯಾಸ ಬೀಳುತ್ತದೆ. ಹಾಗೆಂದು ಒಂದೇ ಹಾಕಿಸು ಎಂದು ನಾನು ಹೇಳುತ್ತಿಲ್ಲ. ಎರಡು ಹಾಕಿಸಿದರೆ ಚಿಂತೆ ತೀರಿತು ಎಂಬ ನಂಬಿಕೆ ನಿನ್ನ ಗಾಡಿಯ ಮಟ್ಟಿಗೆ ತಪ್ಪು ಎನ್ನುತ್ತಿದ್ದೇನೆ, ಅಷ್ಟೇ. ಭಾವನವರು ಬೇಸರಿಸಿಕೊಳ್ಳಬಾರದು, ಹಿಂದೊಮ್ಮೆ ನಾನೇ ಇದೇ ತಪ್ಪು ಮಾಡಿ, ಗಾಡಿ ನಿಲ್ಲಿಸಲು ಪೂರ್ತಿ ತಿರುಗಿಸಿದಾಗಲೆಲ್ಲ ಅದು ತಡವರಿಸುವುದನ್ನು ಸ್ಟೀರಿಂಗಿನ ದೋಷವೆಂದು ಎರಡು ತಿಂಗಳು ನಂಬಿದ್ದೆ. ಒಬ್ಬ ಮೆಕ್ಯಾನಿಕ್ ಟೇಪು ಹಿಡಿದು ನಾಲ್ಕೂ ಟೈರುಗಳ ಸುತ್ತಳತೆ ತೆಗೆದಾಗಲೇ ವಿಷಯ ತಿಳಿದದ್ದು.

ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಆಳದಲ್ಲಿ 2 ಅಥವಾ 3 ಮಿಲಿಮೀಟರಿನವರೆಗೆ ಒಪ್ಪುವ ಕಂಪನಿಗಳಿವೆ. ಜಪಾನಿನ ಕಾರು ಕಂಪನಿ ಸುಬಾರು ಇನ್ನೂ ಬಿಗಿ, ಸುತ್ತಳತೆಯಲ್ಲೇ ಸುಮಾರು 6 ಮಿಲಿಮೀಟರ್ ಎನ್ನುತ್ತದೆ, ಅಂದರೆ ಆಳದಲ್ಲಿ 1 ಮಿಲಿಮೀಟರ್. ನಿನ್ನ ಗಾಡಿಯ ಕೈಪಿಡಿಯಲ್ಲಿ ಬರೆದಿರುವುದೇ ಅಂತಿಮ.

ಆ ಮಿತಿಯೊಳಗಿದ್ದರೆ ಅದೇ ಕಂಪನಿಯ, ಅದೇ ಮಾದರಿಯ, ಅದೇ ಅಳತೆಯ ಒಂದೇ ಟೈರು ಸಾಕು, ಚಿಕ್ಕಪ್ಪನವರ ಮಾತೇ ನಿಲ್ಲುತ್ತದೆ. ಮಿತಿ ಮೀರಿದ್ದರೆ ಅಷ್ಟೇ ಸವೆದಿರುವ ಅದೇ ಮಾದರಿಯ ಬಳಸಿದ ಟೈರನ್ನು ಹುಡುಕಬಹುದು. ಆಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಮರೆಯದೆ ನೋಡು. 2321 ಎಂದಿದ್ದರೆ 2021ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟೈರನ್ನೇ ಯಂತ್ರದಲ್ಲಿ ಹೆರೆದು ಹಳೆಯವುಗಳ ಮಟ್ಟಕ್ಕೆ ತರುವವರೂ ಇದ್ದಾರೆ, ಆದರೆ ಈ ಸೌಲಭ್ಯ ಎಲ್ಲ ಕಡೆಯೂ ಇರುವುದಿಲ್ಲ. ಸ್ಟೆಪ್ನಿ ಪೂರ್ಣ ಅಳತೆಯದ್ದಾದರೂ ಒಮ್ಮೆಯೂ ನೆಲ ಮುಟ್ಟದಿದ್ದರೆ ಅದೂ ಹೊಸದರ ಲೆಕ್ಕವೇ. ಅಳತೆಯಲ್ಲಿ ನಿಜವಾಗಿಯೂ 4 ಮಿಲಿಮೀಟರ್ ಬಂದರೆ ನನ್ನ ಅಭಿಪ್ರಾಯ ನಾಲ್ಕನ್ನೂ ಬದಲಿಸುವುದು, ಏಕೆಂದರೆ ಅಷ್ಟು ಸವೆದ ಟೈರಿನ ಹಿಡಿತ ಮಳೆಯಲ್ಲಿ ಹೇಗಿದ್ದರೂ ಕುಗ್ಗಿರುತ್ತದೆ.

ಈಗ ಹಾಕಿಕೊಂಡಿರುವುದು ಸಣ್ಣ ತಾತ್ಕಾಲಿಕ ಸ್ಟೆಪ್ನಿಯಾಗಿದ್ದರೆ ಟೈರು ಅಂಗಡಿಯವರೆಗೆ ಮಾತ್ರ, ಅದರ ಮೇಲೆ ಬರೆದಿರುವ ವೇಗ ಮೀರದಂತೆ ಓಡಿಸು. ಅಷ್ಟರೊಳಗೆ ಒಂದು ಕೆಲಸ ಮಾಡು: ಉಳಿದ ಮೂರೂ ಟೈರುಗಳ ಗ್ರಿಪ್ಪಿನ ಆಳವನ್ನು ಒಳ ಅಂಚು, ನಡು, ಹೊರ ಅಂಚು ಹೀಗೆ ಮೂರು ಕಡೆ ಗೇಜಿನಿಂದ ಅಳೆದು, ಕೈಪಿಡಿಯ ಟೈರಿನ ಪುಟದ ಚಿತ್ರದ ಜೊತೆ ಇಲ್ಲಿಗೇ ಕಳಿಸು. ಅಂಕಿಗಳನ್ನು ನೋಡಿದ ಮೇಲೆ ಒಂದೋ ನಾಲ್ಕೋ ಎಂದು ಖಚಿತವಾಗಿ ಹೇಳುತ್ತೇನೆ.